ಮೋಟಾರ್ ಸೈಕಲ್ಲಿನ ಕತ್ತಿನ ಕೀಲು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರ್ ಸೈಕಲ್ ರಿಪೇರಿಯ ಮೇಲೊಂದು ಲೇಖನವೆ ಎಂದು ವಾಚಕರು ಹುಬ್ಬೇರಿಸಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳಿಗೆ ಮೀಸಲಾದ ಪುಟಗಳಲ್ಲಿ ಗ್ರೀಸು ಮೆತ್ತಿದ ಕೈಗೆ ಏನು ಕೆಲಸ ಎಂದು ಕೇಳಲೂಬಹುದು. ಆದರೆ ನಮ್ಮ ಸಹಪಾಠಿಗಳು ದಿನವೂ ಕಾಲೇಜಿಗೆ ಬರುವ ಬಗೆಯನ್ನು ಒಮ್ಮೆ ಗಮನಿಸಬೇಕು. ಕಣಕಟ್ಟೆ, ಬಾಣಾವರ, ಜಾವಗಲ್, ಗಂಡಸಿಗಳ ಕಡೆಯಿಂದ ಬರುವವರಲ್ಲಿ ಬಸ್ಸು ಸಿಕ್ಕದವರು ಮನೆಯ ಹಳೆಯ ಗಾಡಿಯನ್ನೇ ಏರಿ ಬರುತ್ತಾರೆ. ಒಬ್ಬರ ಹಿಂದೆ ಇನ್ನೊಬ್ಬರು ಕುಳಿತಿರುತ್ತಾರೆ. ಬೆಳಿಗ್ಗೆ ಅದೇ ಗಾಡಿ ಹಾಲಿನ ಕ್ಯಾನು ಹೊತ್ತಿರುತ್ತದೆ, ಸಂಜೆ ತೆಂಗಿನಕಾಯಿಯ ಮೂಟೆ ಹೊರುತ್ತದೆ. ಹೀಗೆ ದುಡಿಯುವ ವಾಹನದ ಎಂಜಿನ್ ಕೆಟ್ಟರೆ ನಾವು ರಸ್ತೆಯ ಬದಿಯಲ್ಲಿ ನಿಲ್ಲುತ್ತೇವೆ, ಅಷ್ಟೆ. ಅದರ ಕತ್ತು ಕೆಟ್ಟರೆ ನಿಲ್ಲುವುದಕ್ಕೂ ಅವಕಾಶ ಸಿಕ್ಕದೆ ಹೋಗಬಹುದು. ಆದ್ದರಿಂದ ಈ ಕತ್ತಿನ ವಿಚಾರವಾಗಿ ನಾನು ನೋಡಿ, ಕೈಯಾರೆ ಮಾಡಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಕೀಲಿನ ರಚನೆ

ಮೋಟಾರ್ ಸೈಕಲ್ಲಿನ ಚಾಸಿಯ ಮುಂತುದಿಯಲ್ಲಿ ಹಿಂದಕ್ಕೆ ವಾಲಿದ ಒಂದು ಗಿಡ್ಡ ಕೊಳವೆ ಇರುತ್ತದೆ. ಅದೇ ಕತ್ತು. ಮುಂದಿನ ಫೋರ್ಕನ್ನು ಹಿಡಿದಿರುವ ಉಕ್ಕಿನ ದಂಡವೊಂದು ಈ ಕೊಳವೆಯ ಒಳಗೆ ಕೆಳಗಿನಿಂದ ಮೇಲಕ್ಕೆ ಹಾದುಹೋಗುತ್ತದೆ. ಇದನ್ನು ನಮ್ಮ ಮೆಕ್ಯಾನಿಕ್‌ಗಳು ‘ಟೀ’ ಎಂದು ಕರೆಯುತ್ತಾರೆ. ಹ್ಯಾಂಡಲ್ ತಿರುಗಿಸಿದಾಗ ಕೊಳವೆಯೊಳಗೆ ತಿರುಗುವುದು ಈ ದಂಡವೇ. ಕೊಳವೆಯ ಮೇಲ್ತುದಿಯಲ್ಲೊಂದು, ಕೆಳತುದಿಯಲ್ಲೊಂದು, ಹೀಗೆ ಎರಡು ಕಡೆ ಉಕ್ಕಿನ ಬಳೆಗಳ ಜೋಡಿಗಳಿವೆ. ಜೋಡಿಯ ಒಂದು ಬಳೆ ಬಟ್ಟಲಿನಂತೆ ತಗ್ಗಾಗಿದೆ, ಅದು ‘ಕಪ್ಪು’. ಇನ್ನೊಂದು ಬಳೆ ಬಟ್ಟಲಿಗೆ ಎದುರಾಗಿ ಉಬ್ಬಿದೆ, ಅದು ‘ಕೋನು’. ಇವೆರಡರ ನಡುವೆ ಉಕ್ಕಿನ ಗುಂಡುಗಳ ಸಾಲು. ಇವೆಲ್ಲವನ್ನೂ ಸೇರಿಸಿ ಅಂಗಡಿಯಲ್ಲಿ ‘ಕೋನ್ ಸೆಟ್’ ಎಂದು ಮಾರುತ್ತಾರೆ.

ಗುಂಡುಗಳ ಪ್ರಯೋಜನವನ್ನು ನಮ್ಮ ತೋಟದವರಿಗೆ ವಿವರಿಸಬೇಕಾಗಿಲ್ಲ. ಉರುಳಿಸಿದ ತೆಂಗಿನ ದಿಮ್ಮಿಯನ್ನು ನೆಲದ ಮೇಲೆ ಎಳೆಯುವುದಕ್ಕೆ ನಾಲ್ಕು ಆಳು ಬೇಕು. ಅದರ ಅಡಿಗೆ ದುಂಡನೆಯ ಕಟ್ಟಿಗೆಗಳನ್ನು ಕೊಟ್ಟರೆ ಇಬ್ಬರು ಸಾಕು. ಉಜ್ಜುವ ಜಾಗದಲ್ಲಿ ಉರುಳುವಿಕೆಯನ್ನು ತರುವುದೇ ಇಲ್ಲಿಯ ತತ್ತ್ವ. ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ಉಪಾಯಕ್ಕೆ ವೇಲ್ಸಿನ ಫಿಲಿಪ್ ವಾನ್ ೧೭೯೪ರಲ್ಲೇ ಪೇಟೆಂಟ್ ಪಡೆದನು. ಎಲ್ಲ ಗುಂಡುಗಳನ್ನೂ ಒಂದೇ ಅಳತೆಗೆ ಅರೆಯುವ ಯಂತ್ರವನ್ನು ಜರ್ಮನಿಯ ಷ್ವೈನ್‌ಫರ್ಟ್ ಪಟ್ಟಣದ ಫ್ರೀಡ್ರಿಕ್ ಫಿಷರ್ ೧೮೮೩ರಲ್ಲಿ ನಿರ್ಮಿಸಿದನು. ಆ ನಂತರ ಗುಂಡು ಬೇರಿಂಗು ಅಗ್ಗವಾಗಿ ಬೈಸಿಕಲ್ಲುಗಳಲ್ಲೂ ಮೋಟಾರ್ ಸೈಕಲ್ಲುಗಳಲ್ಲೂ ಹರಡಿತು. ಬೇಲೂರಿನ ನರಸಿಂಹ ಕಂಬವು ಹಿಂದೊಮ್ಮೆ ತಿರುಗುತ್ತಿತ್ತೆಂಬ ಪ್ರತೀತಿ ನಮ್ಮ ಸೀಮೆಯಲ್ಲಿದೆ. ಆ ಪ್ರತೀತಿ ಹೇಗೇ ಇರಲಿ, ಭಾರವಾದ ವಸ್ತು ಹಗುರವಾಗಿ ತಿರುಗಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ.

ಮೈಸೂರಿನ ಗಾಡಿ

ನಾನು ಹೇಳಹೊರಟಿರುವುದು ನಮ್ಮ ಮನೆಯ ಯೆಜ್ಡಿಯ ಅನುಭವ. ಇದರ ಕುಲಗೋತ್ರವನ್ನು ಎರಡು ಮಾತಿನಲ್ಲಿ ತಿಳಿಸುವುದು ಯುಕ್ತ. ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ತಯಾರಿಕೆಯನ್ನು ತನ್ನದಾಗಿಸಿಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ‘ಜಾವಾ’ ಎಂದು ಕರೆದನು. ಆ ಗಾಡಿಯನ್ನು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಲು ಐಡಿಯಲ್ ಜಾವಾ ಕಾರ್ಖಾನೆ ಏರ್ಪಟ್ಟಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ೧೯೬೧ರಲ್ಲಿ ಅದನ್ನು ಉದ್ಘಾಟಿಸಿದರು. ೧೯೭೩ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು ೨೦೧೮ರಲ್ಲೂ ಯೆಜ್ಡಿ ಹೆಸರು ೨೦೨೨ರಲ್ಲೂ ಹೊಸ ಗಾಡಿಗಳ ಮೇಲೆ ಮರಳಿ ಬಂದರೂ ಅವು ಬೇರೆಯೇ ಯಂತ್ರಗಳು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷಗಳಾದರೂ ಹಳೆಯ ಯೆಜ್ಡಿಗಳು ನಮ್ಮ ಹೋಬಳಿಯ ದಾರಿಗಳಲ್ಲಿ ಇನ್ನೂ ಸದ್ದು ಮಾಡುತ್ತಿವೆಯೆಂದರೆ ಅದಕ್ಕೆ ಊರೂರಿನ ಮೇಸ್ತ್ರಿಗಳ ಕೈಗುಣವೇ ಕಾರಣ.

ನಮ್ಮ ತಾತನವರ ಯೆಜ್ಡಿ ಎರಡು ವರ್ಷಗಳ ಹಿಂದೆ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು. ನೆಟ್ಟನೆಯ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಅತ್ತ ಇತ್ತ ಹಾವಿನಂತೆ ಹರಿದಾಡುತ್ತಿತ್ತು. ಪಟ್ಟಣದ ಒಂದು ಕಾರ್ಯಾಗಾರದವರು ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ, ಚಾಸಿ ಬಾಗಿದೆ, ಗುಜರಿಗೆ ಹಾಕುವುದೇ ಲೇಸು ಎಂದುಬಿಟ್ಟರು. ತಾತನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಕಣಕಟ್ಟೆಯ ವೃದ್ಧ ಮೇಸ್ತ್ರಿಯೊಬ್ಬರು ಎಂಜಿನ್ನಿನ ಅಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿದರು. ಹ್ಯಾಂಡಲನ್ನು ಒಂದೇ ಬೆರಳಿನಿಂದ ತಿರುಗಿಸಿ, “ಗೌಡ್ರೆ, ಚಾಸಿ ನೆಟ್ಟಗೈತೆ. ಕತ್ತು ಕಚ್ಕಂಡೈತೆ, ಅಷ್ಟೆ” ಎಂದರು. ಅವರ ಬೆರಳಿಗೆ ತಿಳಿದದ್ದೇನೆಂಬುದೇ ಈ ಲೇಖನದ ಮುಖ್ಯ ವಿಷಯ.

ರೋಗದ ಲಕ್ಷಣ

ಪರೀಕ್ಷೆಗಳು ಮೂರು. ಮೂರಕ್ಕೂ ಸೇರಿ ಹತ್ತು ನಿಮಿಷ ಸಾಕು.

ಮೊದಲನೆಯದು, ಮೇಸ್ತ್ರಿಯವರು ಮಾಡಿದ್ದು. ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಬೇಕು. ನೀರಿನಲ್ಲಿ ತಿರುಗಿದಷ್ಟು ನಯವಾಗಿದ್ದರೆ ಕೀಲು ಆರೋಗ್ಯವಾಗಿದೆ. ಮರಳು ಅರೆದಂತಾದರೆ ಗ್ರೀಸು ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಚಕ್ರ ನೇರವಾದ ಸ್ಥಾನಕ್ಕೆ ಬಂದಾಗ ಯಾವುದೋ ಕಚ್ಚಿನೊಳಗೆ ‘ಟಕ್’ ಎಂದು ಕುಳಿತು, ಅಲ್ಲಿಂದ ಹೊರಡಲು ಹಟ ಮಾಡಿದರೆ ಬಳೆಗಳಲ್ಲಿ ಗುಳಿ ಬಿದ್ದಿದೆ ಎಂದರ್ಥ.

ಎರಡನೆಯದು, ಚಕ್ರ ಎತ್ತಿರುವಾಗಲೇ ಫೋರ್ಕಿನ ಎರಡು ಕಾಲುಗಳನ್ನು ಕೆಳತುದಿಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗಿ ನೋಡುವುದು. ‘ಕಟಕಟ’ ಎಂದು ಅಲುಗಿದರೆ ಕೀಲು ಸಡಿಲಾಗಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಫೋರ್ಕಿನೊಳಗಿನ ಬುಷ್ ಸವೆದಿದ್ದರೂ ಇದೇ ಅಲುಗಾಟ ಕಾಣುತ್ತದೆ.

ಆದ್ದರಿಂದ ಮೂರನೆಯ ಪರೀಕ್ಷೆ. ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ, ಒಬ್ಬರು ಮುಂದಿನ ಬ್ರೇಕನ್ನು ಹಿಡಿದು ಗಾಡಿಯನ್ನು ಹಿಂದೆ ಮುಂದೆ ತೂಗಬೇಕು. ಇನ್ನೊಬ್ಬರು ಕತ್ತಿನ ಕೊಳವೆಯ ಕೆಳಅಂಚು ಫೋರ್ಕಿಗೆ ಸೇರುವ ಸಂದಿಯಲ್ಲಿ ಬೆರಳಿಟ್ಟಿರಬೇಕು. ಅಲುಗಾಟ ಬೆರಳಿಗೇ ತಗುಲಿದರೆ ಕೋನ್ ಸೆಟ್ಟಿನ ದೋಷ. ಬೆರಳಿಗೆ ತಗುಲದೆ ಕೆಳಗೆಲ್ಲೋ ಕೇಳಿಸಿದರೆ ಅದು ಫೋರ್ಕಿನ ದೋಷ.

ಕತ್ತು ಕಚ್ಚಿದರೆ ಗಾಡಿ ಹರಿದಾಡುವುದೇಕೆ? ನಾವು ನೇರವಾಗಿ ಹೋಗುತ್ತಿದ್ದೇವೆ ಎಂದುಕೊಂಡಾಗಲೂ ಗಾಡಿ ಸದಾ ಇಷ್ಟಿಷ್ಟೇ ಎಡಕ್ಕೂ ಬಲಕ್ಕೂ ವಾಲುತ್ತಿರುತ್ತದೆ. ಎಡಕ್ಕೆ ವಾಲಿದೊಡನೆ ಮುಂದಿನ ಚಕ್ರ ತಾನಾಗಿಯೇ ತುಸು ಎಡಕ್ಕೆ ತಿರುಗಿ ಗಾಡಿಯನ್ನು ಎತ್ತಿ ನಿಲ್ಲಿಸುತ್ತದೆ. ಈ ತಿದ್ದುಪಡಿ ನಮಗೆ ತಿಳಿಯದಂತೆ ಕ್ಷಣಕ್ಷಣವೂ ನಡೆಯುತ್ತಿರುತ್ತದೆ. ಕೀಲಿನಲ್ಲಿ ಗುಳಿ ಬಿದ್ದಾಗ ಚಕ್ರ ತಾನಾಗಿ ತಿರುಗಲಾರದು. ಸವಾರ ಬಲವಂತದಿಂದ ತಿರುಗಿಸುತ್ತಾನೆ, ಅದು ಗುಳಿಯಿಂದ ಹಾರಿ ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಮತ್ತೆ ಆ ಕಡೆಗೆ ತಿದ್ದಬೇಕು. ಹೀಗೆ ಹಾವಿನ ನಡೆ ಹುಟ್ಟುತ್ತದೆ. ಕೀಲು ಸಡಿಲಾದರೆ ಇದಕ್ಕೆ ವಿರುದ್ಧವಾದ ಅಪಾಯ. ಬ್ರೇಕು ಹಾಕಿದಾಗ ಮುಂಭಾಗ ನಡುಗುತ್ತದೆ, ವೇಗದಲ್ಲಿ ಹ್ಯಾಂಡಲ್ ತಲೆ ಕೊಡವಲಾರಂಭಿಸಬಹುದು.

ಗುಳಿ ಬೀಳುವುದು ಹೇಗೆ

ರಸ್ತೆಯ ಹೊಂಡಗಳಿಗೆ ಬಿದ್ದ ಪೆಟ್ಟಿನಿಂದ ಗುಂಡುಗಳು ಬಳೆಗೆ ಬಡಿದು ಗುಳಿಯಾಗುತ್ತವೆ ಎಂಬುದು ಸಾಮಾನ್ಯ ನಂಬಿಕೆ. ಭಾರಿ ಪೆಟ್ಟು ಬಿದ್ದಾಗ ಹಾಗಾಗುವುದೂ ಉಂಟು. ಲೋಹದ ಗಡಸುತನವನ್ನು ಹೀಗೆಯೇ ಅಳೆಯುತ್ತಾರೆ. ಸ್ವೀಡನ್ನಿನ ಬ್ರಿನೆಲ್ ಎಂಬ ಎಂಜಿನಿಯರ್ ೧೯೦೦ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ೧೦ ಮಿಲಿಮೀಟರಿನ ಗುಂಡನ್ನು ೩೦೦೦ ಕಿಲೋಗ್ರಾಂ ಭಾರದಿಂದ ಒತ್ತಿ, ಬಿದ್ದ ಗುಳಿಯನ್ನು ಅಳೆಯುವುದು ವಾಡಿಕೆ. ಆದರೆ ಕೋನ್ ಸೆಟ್ಟಿನ ಉಕ್ಕು ನೂರಕ್ಕೆ ಸುಮಾರು ಒಂದು ಪಾಲು ಇಂಗಾಲ, ಒಂದೂವರೆ ಪಾಲು ಕ್ರೋಮಿಯಂ ಬೆರೆತು ಹದವಾದ ಬಹಳ ಗಡಸಾದ ಉಕ್ಕು. ಸಾಧಾರಣ ಹೊಂಡಕ್ಕೆ ಅದು ಬಗ್ಗುವುದಿಲ್ಲ.

ನಿಜವಾದ ಶತ್ರು ಇನ್ನೊಬ್ಬನಿದ್ದಾನೆ. ಚಕ್ರದ ಬೇರಿಂಗಿನಲ್ಲಿ ಗುಂಡು ಸಾವಿರಾರು ಸುತ್ತು ಸುತ್ತುತ್ತದೆ. ಸುತ್ತುವಾಗಲೆಲ್ಲ ಗ್ರೀಸನ್ನು ತನ್ನೊಡನೆ ಎಳೆದು ತರುತ್ತದೆ. ಕತ್ತಿನ ಗುಂಡಿಗೆ ಆ ಭಾಗ್ಯವಿಲ್ಲ. ವೇಗವಾಗಿ ಹೋಗುವಾಗ ಹ್ಯಾಂಡಲ್ ಒಂದೆರಡು ಡಿಗ್ರಿಗಿಂತ ಹೆಚ್ಚು ತಿರುಗುವುದೇ ಅಪರೂಪ. ಉರುಳುವುದಕ್ಕಾಗಿ ಮಾಡಿದ ಗುಂಡು ಉರುಳದೆ ನಿಂತಲ್ಲೇ ನಡುಗುತ್ತಿರುತ್ತದೆ. ಆ ನಡುಕಕ್ಕೆ ಅಡಿಯ ಗ್ರೀಸು ಪಕ್ಕಕ್ಕೆ ಸರಿದು ಉಕ್ಕಿಗೆ ಉಕ್ಕು ತಾಗುತ್ತದೆ. ಕಣ್ಣಿಗೆ ಕಾಣದ ಚೂರುಗಳು ಕಿತ್ತು, ತುಕ್ಕಾಗಿ, ಕಾವಿಯ ಬಣ್ಣದ ನುಣ್ಣನೆಯ ಪುಡಿಯಾಗುತ್ತವೆ. ಆ ಪುಡಿ ತಾನೇ ಸಾಣೆಯ ಕಲ್ಲಿನಂತೆ ಮತ್ತಷ್ಟು ಸವೆಸುತ್ತದೆ. ನೋಡುವುದಕ್ಕೆ ಒತ್ತಿದ ಗುಳಿಯಂತೆ ಕಂಡರೂ ಇದು ಸವೆದ ಗುಳಿಯಾದ್ದರಿಂದ ತಜ್ಞರು ಇದನ್ನು ‘ಹುಸಿ ಬ್ರಿನೆಲ್ ಗುರುತು’ ಎನ್ನುತ್ತಾರೆ. ಅಮೆರಿಕದಲ್ಲಿ ರೈಲಿನ ಮೇಲೆ ದೂರದೂರಿಗೆ ಸಾಗಿಸಿದ ಹೊಸ ಕಾರುಗಳ ಚಕ್ರದ ಬೇರಿಂಗುಗಳಲ್ಲಿ, ಒಂದು ಮೈಲಿಯೂ ಓಡುವ ಮೊದಲೇ ಇಂತಹ ಗುರುತುಗಳು ಕಂಡುಬಂದವು. ಚಕ್ರ ತಿರುಗದೆ ರೈಲಿನ ಕುಲುಕಾಟಕ್ಕೆ ನಡುಗುತ್ತಿದ್ದುದೇ ಕಾರಣವೆಂದು ೧೯೩೦ರ ದಶಕದಲ್ಲಿ ಎಂಜಿನಿಯರುಗಳು ವಿವರಿಸಿದರು.

ಇದನ್ನು ತಿಳಿದ ಮೇಲೆ, ಗುಳಿಗಳು ಯಾವಾಗಲೂ ನೇರವಾದ ಸ್ಥಾನದಲ್ಲೇ ಏಕೆ ಬೀಳುತ್ತವೆಂಬುದು ಸ್ಪಷ್ಟವಾಗುತ್ತದೆ. ಗುಂಡುಗಳು ಜೀವಮಾನದ ಬಹುಭಾಗವನ್ನು ಕಳೆಯುವುದು ಅಲ್ಲಿಯೇ. ಮುಂಭಾಗದ ಭಾರವೆಲ್ಲ ಕೆಳಗಿನ ಬಳೆಯ ಮೇಲೆ ಕೂರುವುದರಿಂದಲೂ, ಚಕ್ರ ಎರಚಿದ ಕೆಸರುನೀರು ಅಲ್ಲಿಗೇ ಮೊದಲು ತಲುಪುವುದರಿಂದಲೂ ಮೊದಲು ಕೆಡುವುದು ಕೆಳಗಿನ ಜೋಡಿ.

ಬಿಚ್ಚುವ ಕ್ರಮ

ಕೆಲಸಕ್ಕೆ ನಮಗೆ ಎರಡು ದಿನ ಹಿಡಿಯಿತು. ಹಿಂದಿನ ಚಕ್ರ ಭದ್ರವಾಗಿ ನಿಲ್ಲುವಂತೆ ಮಾಡಿ, ಎಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು, ಮುಂಭಾಗವನ್ನು ಎತ್ತಬೇಕು. ಕೈಬಿಟ್ಟರೆ ಗಾಡಿ ಮುಗ್ಗರಿಸದಂತಿರಬೇಕು. ಪೆಟ್ರೋಲ್ ಟ್ಯಾಂಕನ್ನು ತೆಗೆದಿಡುವುದು ಒಳ್ಳೆಯದು. ಹ್ಯಾಂಡಲ್ ಜಾರಿ ಬಿದ್ದು ಟ್ಯಾಂಕಿಗೆ ಗಾಯವಾಗುವುದು ಈ ಕೆಲಸದಲ್ಲಿ ಸರ್ವೇಸಾಮಾನ್ಯ. ಬಳಿಕ ಮುಂದಿನ ಚಕ್ರ, ಮಡ್‌ಗಾರ್ಡ್, ಫೋರ್ಕಿನ ಕಾಲುಗಳು, ಹ್ಯಾಂಡಲ್, ದೀಪ, ಹೀಗೆ ಒಂದೊಂದನ್ನಾಗಿ ಕಳಚಬೇಕು. ದೀಪದ ಗೂಡಿನೊಳಗೆ ವೈರುಗಳ ಗೋಜಲಿರುತ್ತದೆ. ಯಾವ ಕೇಬಲ್ ಯಾವುದರ ಬಲಕ್ಕೆ ಹಾದುಹೋಗುತ್ತದೆಂಬುದನ್ನು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಚರ್ಚೆಗೆ ಅವಕಾಶವಿಲ್ಲ.

ಮೇಲಿನ ನಟ್ಟನ್ನು ಬಿಚ್ಚುವ ಮೊದಲು ಗಾಡಿಯ ಅಡಿಗೆ ಬಿಳಿಯ ಬಟ್ಟೆ ಹಾಸಬೇಕು. ಟೀ ದಂಡ ಕೆಳಗಿಳಿದೊಡನೆ ಗುಂಡುಗಳು ರಾಗಿ ಚೆಲ್ಲಿದಂತೆ ಚೆಲ್ಲುತ್ತವೆ. ಮೇಲಿನವನ್ನೂ ಕೆಳಗಿನವನ್ನೂ ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು ಎಣಿಸಿ ಬರೆದುಕೊಳ್ಳಬೇಕು. ಎರಡು ಕಡೆಯ ಸಂಖ್ಯೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಹಿಂದೆ ಯಾರಾದರೂ ಒಂದೆರಡನ್ನು ಕಳೆದಿರಲೂಬಹುದಾದ್ದರಿಂದ ಹೊಸ ಸೆಟ್ಟಿನೊಡನೆ ತಾಳೆ ನೋಡಬೇಕು.

ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ಬಳೆಗಳನ್ನು ತೊಳೆದು ಬೆಳಕಿಗೆ ಹಿಡಿದಾಗ, ನಮ್ಮ ಯೆಜ್ಡಿಯ ಕೆಳಗಿನ ಬಳೆಯಲ್ಲಿ ಗುಂಡಿಗೊಂದರಂತೆ ಮಸುಕಾದ ಗುಳಿಗಳು ಸಾಲಾಗಿ ಕಂಡವು. ಉಗುರಿನಿಂದ ಗೀರಿದರೆ ಉಗುರು ತಡೆಯುತ್ತಿತ್ತು. ಗುಜರಿಯ ಮಾತಿಗೆ ಕಾರಣವಾದ ರೋಗ ಅಷ್ಟರಲ್ಲೇ ಇತ್ತು.

ಕೊಳವೆಯೊಳಗೆ ಬಿಗಿಯಾಗಿ ಕುಳಿತ ಹಳೆಯ ಬಳೆಯನ್ನು ಎದುರು ತುದಿಯಿಂದ ಉದ್ದನೆಯ ಸರಳು ತೂರಿಸಿ ಹೊಡೆದು ಹೊರಡಿಸಬೇಕು. ಒಂದೇ ಕಡೆ ಹೊಡೆದರೆ ಅದು ವಾರೆಯಾಗಿ ಸಿಕ್ಕಿಕೊಂಡು ಕೊಳವೆಯನ್ನೇ ಕೆರೆಯುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು ಸಣ್ಣ ಪೆಟ್ಟುಗಳನ್ನು ಹಾಕುತ್ತ ನೇರವಾಗಿ ಇಳಿಸಬೇಕು.

ಹೊಸದನ್ನು ಕೂರಿಸುವುದು

ಹೊಸ ಬಳೆಗಳು, ಹೊಸ ಗುಂಡುಗಳು, ಎಲ್ಲವೂ ಒಂದೇ ಸೆಟ್ಟಿನವಾಗಿರಬೇಕು. ಹಳೆಯ ಬಳೆಗೆ ಹೊಸ ಗುಂಡು ಹಾಕುವುದು ಹರಕು ಚೀಲಕ್ಕೆ ಹೊಸ ರಾಗಿ ತುಂಬಿದಂತೆ. ಹಳೆಯ ಬಳೆಯನ್ನೇ ತುಸು ತಿರುಗಿಸಿ ಕೂರಿಸಿ, ಗುಳಿಗಳು ನೇರವಾದ ಸ್ಥಾನಕ್ಕೆ ಬಾರದಂತೆ ಮಾಡುವ ಉಪಾಯವೂ ಮೇಸ್ತ್ರಿಗಳಿಗೆ ಗೊತ್ತು. ಸಾಮಾನು ಸಿಕ್ಕುವವರೆಗೆ ಅದು ನಡೆದೀತು, ಅದು ಚಿಕಿತ್ಸೆಯಲ್ಲ.

ಕೊಳವೆಯ ಕುಳಿಯನ್ನು ಚೊಕ್ಕಟವಾಗಿ ಒರೆಸಬೇಕು. ಅಲ್ಲಿ ಒಂದು ಮರಳಿನ ಕಣ ಉಳಿದರೂ ಬಳೆ ವಾರೆಯಾಗಿ ಕೂರುತ್ತದೆ. ಬಳೆಯನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿ ಇಟ್ಟರೆ ಕೆಲಸ ಸುಲಭ. ೫೦ ಮಿಲಿಮೀಟರ್ ಅಗಲದ ಉಕ್ಕಿನ ಬಳೆ ೪೦ ಡಿಗ್ರಿ ತಣ್ಣಗಾದರೆ ೦.೦೨೪ ಮಿಲಿಮೀಟರಿನಷ್ಟು ಕುಗ್ಗುತ್ತದೆ. ಕೂದಲಿನ ದಪ್ಪದ ಮೂರರಲ್ಲೊಂದು ಪಾಲು ಎನ್ನಬಹುದು. ಅಷ್ಟೇ ಸಾಕು, ಸುತ್ತಿಗೆಯ ಬಲ ಅರ್ಧವಾಗುತ್ತದೆ. ಗುಂಡು ಓಡುವ ದಾರಿಯ ಮೇಲೆ ಎಂದಿಗೂ ಹೊಡೆಯಬಾರದು. ಹಳೆಯ ಬಳೆಯನ್ನು ಹೊಸದರ ಮೇಲಿಟ್ಟು ಅದರ ಮೇಲೆ ಹೊಡೆಯಬೇಕು. ಬಳೆ ಇಳಿಯುತ್ತಿರುವಾಗ ಸುತ್ತಿಗೆಯ ಸದ್ದು ಮಂಕಾಗಿರುತ್ತದೆ. ತಳ ಮುಟ್ಟಿದ ಕ್ಷಣ ‘ಠಣ್’ ಎಂದು ಗಟ್ಟಿಯಾದ ನಾದ ಹೊರಡುತ್ತದೆ. ಮೇಸ್ತ್ರಿಯವರು ಕಣ್ಣು ಮುಚ್ಚಿ ಆ ಸದ್ದನ್ನು ಕಾಯುತ್ತಿದ್ದರು. ಅವರಿಗೆ ಬೇರೆ ಅಳತೆ ಬೇಕಿರಲಿಲ್ಲ.

ಕೆಳಗಿನ ಕೋನನ್ನು ಟೀ ದಂಡಕ್ಕೆ ಏರಿಸುವಾಗ ಅದರ ಒಳಅಂಚಿಗೆ ಮಾತ್ರ ತಾಗುವ ಕೊಳವೆಯೊಂದನ್ನು ಬಳಸಬೇಕು. ಅದರ ಅಡಿಯ ಧೂಳು ತಡೆಯುವ ವಾಷರನ್ನು ಮೊದಲೇ ಹಾಕಿರಬೇಕು. ಬಳಿಕ ನೀರಿಗೆ ಜಗ್ಗದ ಬೇರಿಂಗ್ ಗ್ರೀಸನ್ನು ಬಟ್ಟಲಿಗೆ ಧಾರಾಳವಾಗಿ ಮೆತ್ತಿ, ಗುಂಡುಗಳನ್ನು ಒಂದೊಂದಾಗಿ ಅಂಟಿಸಬೇಕು. ಗುಂಡುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲಬಾರದು, ಸಾಲಿನಲ್ಲಿ ತುಸು ಬಿಡುವಿರಬೇಕು. ಒತ್ತಿಕೊಂಡರೆ ಉರುಳಲಾರವು.

ಕೆಲವರು ಗುಂಡುಗಳಿಗೆ ಬದಲಾಗಿ ಓರೆಯಾದ ಉರುಳೆಗಳಿರುವ ಟೇಪರ್ ಬೇರಿಂಗ್ ಹಾಕಿಸುತ್ತಾರೆ. ಅಮೆರಿಕದ ಹೆನ್ರಿ ಟಿಮ್ಕೆನ್ ೧೮೯೮ರಲ್ಲಿ ಪೇಟೆಂಟ್ ಪಡೆದ ಬೇರಿಂಗು ಇದು. ಗುಂಡು ಬಳೆಯನ್ನು ಒಂದು ಬಿಂದುವಿನಲ್ಲಿ ಮುಟ್ಟಿದರೆ ಉರುಳೆ ಒಂದು ಗೆರೆಯುದ್ದಕ್ಕೂ ಮುಟ್ಟುವುದರಿಂದ ಭಾರ ಹಂಚಿಹೋಗುತ್ತದೆ. ಆಯುಷ್ಯ ಹೆಚ್ಚುವುದು ನಿಜ. ಆದರೆ ಅಳತೆ ಸರಿಹೊಂದುವ ಸೆಟ್ಟು ಸಿಕ್ಕಿದರೆ ಮಾತ್ರ ಆ ಮಾತು.

ಬಿಗಿ ಮತ್ತು ಸಡಿಲ

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕೊನೆಯ ನಟ್ಟು. ಮೊದಲು ಅದನ್ನು ತುಸು ಗಟ್ಟಿಯಾಗಿಯೇ ಬಿಗಿದು, ದಂಡವನ್ನು ಹಲವು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಬೇಕು. ಗುಂಡುಗಳು ತಮ್ಮ ದಾರಿ ಹಿಡಿದು ಕೂರುತ್ತವೆ. ಆಮೇಲೆ ನಟ್ಟನ್ನು ಸಡಿಲಿಸಿ, ಅಲುಗಾಟ ನಿಲ್ಲುವಷ್ಟೇ ಮತ್ತೆ ಬಿಗಿಯಬೇಕು. ಚಕ್ರವನ್ನೂ ಹ್ಯಾಂಡಲನ್ನೂ ಜೋಡಿಸಿದ ಮೇಲೆ ಸರಿಯಾದ ಬಿಗಿಯ ಗುರುತು ಇದು: ನೆಲ ಬಿಟ್ಟ ಚಕ್ರವನ್ನು ನೇರವಾಗಿ ನಿಲ್ಲಿಸಿ ಬೆರಳಿನಿಂದ ತುಸು ನೂಕಿದರೆ, ಅದು ತನ್ನ ಭಾರಕ್ಕೆ ತಾನೇ ಒಂದು ಬದಿಗೆ ಹೊರಳಿ ತುದಿ ಮುಟ್ಟಬೇಕು. ಹಾಗೆಂದು ಜಗ್ಗಿದರೆ ಕಿಂಚಿತ್ತೂ ಅಲುಗಬಾರದು. ಹೊರಳದಿದ್ದರೆ ಬಿಗಿ ಹೆಚ್ಚಾಗಿದೆ, ಇಲ್ಲವೆ ಯಾವುದೋ ಕೇಬಲ್ ಎಳೆದು ಹಿಡಿದಿದೆ.

ಮೇಲಿನ ಲಾಕ್ ನಟ್ಟನ್ನು ಬಿಗಿದಾಗ ಕೆಳಗಿನ ಹದ ತಪ್ಪುವುದುಂಟು. ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸ ಬಳೆಗಳು ಓಡಿದ ಮೇಲೆ ಇನ್ನೂ ತುಸು ಇಳಿದು ಕೂರುವುದರಿಂದ ಕೆಲವು ನೂರು ಕಿಲೋಮೀಟರುಗಳಾದ ಬಳಿಕ ಮತ್ತೊಮ್ಮೆ ನೋಡಬೇಕು. ನಮ್ಮ ಗಾಡಿಯಲ್ಲಿ ಆಗ ನಟ್ಟು ಕೂದಲೆಳೆಯಷ್ಟು ತಿರುಗಿತು. ಅಂದಿನಿಂದ ಯೆಜ್ಡಿ ನೆಟ್ಟಗೆ ನಡೆಯುತ್ತಿದೆ. ತಾತನವರು ಕೊಬ್ಬರಿಯ ಲೆಕ್ಕಕ್ಕೆ ಅರಸೀಕೆರೆಗೆ ಹೋಗುವುದು ಅದರಲ್ಲೇ.

ಉಪಸಂಹಾರ

ಎತ್ತಿನ ಗಾಡಿಯ ಕಾಲದಲ್ಲಿ ಪಯಣಕ್ಕೆ ಮೊದಲು ಅಚ್ಚಿಗೆ ಕೀಲೆಣ್ಣೆ ಹಚ್ಚದೆ ಹೊರಡುವವರು ನಮ್ಮಲ್ಲಿ ಇರಲಿಲ್ಲ. ಗಾಡಿಗೆ ಎಂಜಿನ್ ಬಂದ ಮೇಲೆ ನಾವು ಎಂಜಿನ್ನಿನ ಸದ್ದನ್ನಷ್ಟೇ ಕೇಳಲು ಕಲಿತೆವು. ಸದ್ದಿಲ್ಲದೆ ಸವೆಯುವ ಭಾಗವನ್ನು ಮರೆತೆವು. ಗಾಡಿ ಹರಿದಾಡಿದಾಗ ಚಾಸಿಯನ್ನು ದೂರುವುದಕ್ಕೆ ಮೊದಲು ಚಕ್ರವನ್ನೆತ್ತಿ ಒಂದು ಬೆರಳಿನಿಂದ ಹ್ಯಾಂಡಲನ್ನು ತಿರುಗಿಸಿ ನೋಡಬೇಕು. ಕೋನ್ ಸೆಟ್ಟು ಒಂದು ಹಿಡಿಯಲ್ಲಿ ಹಿಡಿಯುವಷ್ಟು ಸಾಮಾನು. ಆದರೆ ಎರಡು ಜೀವಗಳನ್ನು ಹೊತ್ತ ಚಕ್ರ ಹೇಳಿದ ಮಾತು ಕೇಳುವುದೋ ಇಲ್ಲವೋ ಎಂಬುದು ಆ ಹಿಡಿಯಷ್ಟರಲ್ಲಿದೆ.

ಸಹಪಾಠಿ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮೂರು ಪರೀಕ್ಷೆಗಳನ್ನು ಮಾಡಿ ನೋಡಿ. ಕಚ್ಚು ತಗುಲಿದರೆ ಹಿಂದಿನ ಸೀಟಿಗೆ ಯಾರನ್ನೂ ಕೂರಿಸಿಕೊಳ್ಳದೆ ನಿಧಾನವಾಗಿ ನಿಮ್ಮೂರಿನ ಮೇಸ್ತ್ರಿಯವರ ಬಳಿಗೆ ಹೋಗಿ. ಸಾಧ್ಯವಾದರೆ ಅವರ ಪಕ್ಕದಲ್ಲಿ ಕುಳಿತು ಗುಂಡುಗಳನ್ನು ನೀವೇ ಎಣಿಸಿ ಕೊಡಿ.